ಮೊದಲ ಗೆಲುವಿನ ಅಳತೆ

ಒಂದೇ ಋತುವಿನಲ್ಲಿ ಒಂದೇ ತಂಡವನ್ನು ಎರಡು ಸಲ ಸೋಲಿಸುವುದು ಕಷ್ಟ. ಡಿಸೆಂಬರ್ ಬಂತೆಂದರೆ ಅಮೆರಿಕದ ಕಾಲೇಜು ಫುಟ್‌ಬಾಲ್ ವಲಯದಲ್ಲಿ ಈ ಮಾತು ಎಲ್ಲರ ಬಾಯಲ್ಲೂ ಇರುತ್ತದೆ. ಕೋಚ್‌ಗಳು ಪತ್ರಿಕಾಗೋಷ್ಠಿಯಲ್ಲಿ ಹೇಳುತ್ತಾರೆ, ಟಿವಿಯ ವೀಕ್ಷಕ ವಿವರಣೆಗಾರರು ಹೇಳುತ್ತಾರೆ. ಮೊದಲು ಗೆದ್ದವರ ಅಭಿಮಾನಿಗಳು ಆತಂಕದಿಂದ, ಸೋತವರ ಅಭಿಮಾನಿಗಳು ಆಸೆಯಿಂದ ಅದನ್ನೇ ನಂಬುತ್ತಾರೆ. ಈ ನಂಬಿಕೆಗೆ ಗಟ್ಟಿಯಾದ ಆಧಾರವಿಲ್ಲ ಎಂಬುದು ನಮ್ಮ ನಿಲುವು. ಎರಡನೇ ಪಂದ್ಯದಲ್ಲಿ ಫಲಿತಾಂಶ ತಿರುಗಿ ಬಿದ್ದಾಗಲೆಲ್ಲ ಹಿಂದಿರುಗಿ ಮೊದಲ ಪಂದ್ಯವನ್ನು ನೋಡಬೇಕು. ಆ ಗೆಲುವು ಅಂದುಕೊಂಡಷ್ಟು ದೊಡ್ಡದಾಗಿರಲಿಲ್ಲ ಎಂಬುದು ಬಹಳ ಸಲ ಅಲ್ಲೇ ಕಾಣಿಸುತ್ತದೆ.

ಇಲ್ಲಿ ಹೇಳುತ್ತಿರುವುದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್ ಬಗ್ಗೆ. ವಿಶ್ವವಿದ್ಯಾಲಯಗಳ ತಂಡಗಳು ಆಗಸ್ಟ್ ಕೊನೆಯಿಂದ ನವೆಂಬರ್ ಕೊನೆಯವರೆಗೆ, ವಾರಕ್ಕೊಂದರಂತೆ, ತಲಾ 12 ಪಂದ್ಯ ಆಡುತ್ತವೆ. ಹಿಂದೆ ಎರಡು ತಂಡಗಳು ಒಂದೇ ವರ್ಷದಲ್ಲಿ ಮತ್ತೆ ಎದುರಾಗುವುದು ಅಪರೂಪವಾಗಿತ್ತು. ತಂಡಗಳ ಒಕ್ಕೂಟಗಳಾದ ದೊಡ್ಡ ಕಾನ್ಫರೆನ್ಸ್‌ಗಳು ತಮ್ಮ ತಂಡಗಳನ್ನು ಎರಡು ವಿಭಾಗ ಮಾಡಿ, ಒಂದೊಂದರ ಅಗ್ರ ತಂಡವನ್ನು ಪ್ರಶಸ್ತಿ ಪಂದ್ಯಕ್ಕೆ ಕಳಿಸುತ್ತಿದ್ದವು. ಈ ವಿಭಾಗಗಳು ಇರಲೇಬೇಕೆಂಬ ನಿಯಮವನ್ನು 2022ರಲ್ಲಿ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ ಕೈಬಿಟ್ಟಿತು. ಈಗ ಪಟ್ಟಿಯ ಮೊದಲ ಎರಡು ತಂಡಗಳೇ ಪ್ರಶಸ್ತಿಗೆ ಸೆಣಸುತ್ತವೆ. ಅದರ ಮೇಲೆ, 2024ರಲ್ಲಿ ರಾಷ್ಟ್ರೀಯ ಪ್ಲೇಆಫ್ 4 ತಂಡಗಳಿಂದ 12 ತಂಡಗಳಿಗೆ ಹಿಗ್ಗಿತು. ಆ ವರ್ಷ ಪ್ಲೇಆಫ್‌ನ 11 ಪಂದ್ಯಗಳಲ್ಲಿ ಅದೇ ಋತುವಿನಲ್ಲಿ ಮೊದಲೇ ಆಡಿದ್ದ ತಂಡಗಳು ಮತ್ತೆ ಎದುರಾದದ್ದು ಒಂದರಲ್ಲಿ ಮಾತ್ರ. ಮರು ವರ್ಷ ಅಂಥವು ನಾಲ್ಕು. ಇನ್ನು ಮುಂದೆ ಇಂಥ ಪಂದ್ಯಗಳು ಹೆಚ್ಚುವುದೇ ಹೊರತು ಕಡಿಮೆಯಾಗುವುದಿಲ್ಲ. ಆದ್ದರಿಂದ ಈ ಮಾತನ್ನು ಈಗಲೇ ಒರೆಗೆ ಹಚ್ಚುವುದು ಒಳ್ಳೆಯದು.

2025ರ ಋತುವಿನ ಆ ನಾಲ್ಕು ಪಂದ್ಯಗಳನ್ನೇ ನೋಡಿ. ಓಲ್ ಮಿಸ್ ಎಂದೇ ಹೆಸರಾದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ತಂಡ ಸೆಪ್ಟೆಂಬರ್‌ನಲ್ಲಿ ಟುಲೇನ್ ತಂಡವನ್ನು 45-10ರಿಂದ ಸೋಲಿಸಿತ್ತು. ಡಿಸೆಂಬರ್‌ನಲ್ಲಿ ಮತ್ತೆ 41-10ರಿಂದ ಸೋಲಿಸಿತು. ನಡುವೆ ಓಲ್ ಮಿಸ್‌ನ ಮುಖ್ಯ ಕೋಚ್ ಲೇನ್ ಕಿಫಿನ್ ತಂಡ ಬಿಟ್ಟು ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ತಂಡವಾದ ಎಲ್‌ಎಸ್‌ಯುಗೆ ಹೋಗಿದ್ದರು, ಪೀಟ್ ಗೋಲ್ಡಿಂಗ್ ಆ ಜಾಗಕ್ಕೆ ಬಂದಿದ್ದರು. ಕೋಚ್ ಬದಲಾದರೂ ಅಂತರ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ಇಂಡಿಯಾನಾ ಅಕ್ಟೋಬರ್‌ನಲ್ಲಿ ಆರೆಗಾನ್ ತಂಡವನ್ನು ಅದರ ತವರು ಯೂಜೀನ್‌ನಲ್ಲೇ 30-20ರಿಂದ ಮಣಿಸಿತ್ತು. ಜನವರಿಯ ಸೆಮಿಫೈನಲ್‌ನಲ್ಲಿ ಅದೇ ಎದುರಾಳಿಯ ಮೇಲೆ 56-22ರ ಗೆಲುವು ಪಡೆಯಿತು. ಆರೆಗಾನ್ ಚೆಂಡು ಹಿಡಿದ ಮೊದಲ ಆಟದಲ್ಲೇ ಇಂಡಿಯಾನಾದ ಡಿ'ಏಂಜೆಲೊ ಪಾಂಡ್ಸ್ ಎಸೆತವನ್ನು ಕಸಿದು, ಎದುರಾಳಿಯ ಗೋಲ್ ಗೆರೆ ದಾಟಿಸಿ ಟಚ್‌ಡೌನ್ ಮಾಡಿದ್ದರು. ಅಲ್ಲಿಂದ ಮುಂದೆ ಪಂದ್ಯ ಒಂದೇ ದಿಕ್ಕಿಗೆ ಸಾಗಿತು. ಎರಡನೇ ಸಲ ಗೆಲ್ಲುವುದರಲ್ಲೇ ಏನೋ ಒಂದು ಕಷ್ಟ ಅಡಗಿದ್ದರೆ ಈ ಎರಡು ಕಡೆ ಅದು ಎಳ್ಳಷ್ಟೂ ಕಾಣಲಿಲ್ಲ.

ಉಳಿದ ಎರಡರಲ್ಲಿ ಫಲಿತಾಂಶ ತಿರುಗಿತು. ಅಕ್ಟೋಬರ್‌ನಲ್ಲಿ ಜಾರ್ಜಿಯಾ 43-35ರಿಂದ ಓಲ್ ಮಿಸ್ ವಿರುದ್ಧ ಗೆದ್ದಿತ್ತು. ಹೊಸ ವರ್ಷದ ದಿನ ನ್ಯೂ ಆರ್ಲಿಯನ್ಸ್‌ನಲ್ಲಿ ಓಲ್ ಮಿಸ್ 39-34ರಿಂದ ಗೆದ್ದಿತು. ನವೆಂಬರ್‌ನಲ್ಲಿ ಒಕ್ಲಹೋಮಾ 23-21ರಿಂದ ಅಲಬಾಮಾವನ್ನು ಅದರದೇ ಮೈದಾನದಲ್ಲಿ ಸೋಲಿಸಿತ್ತು. ಡಿಸೆಂಬರ್‌ನಲ್ಲಿ ಅಲಬಾಮಾ ಒಕ್ಲಹೋಮಾದ ಮೈದಾನಕ್ಕೆ ಹೋಗಿ, 17-0 ಹಿನ್ನಡೆಯಿಂದ ಎದ್ದು, 34-24ರಿಂದ ಗೆದ್ದು ಬಂತು.

ಈ ಕೊನೆಯದು ನಮ್ಮ ವಾದಕ್ಕೆ ತೀರ ಹತ್ತಿರದ್ದು. ನವೆಂಬರ್‌ನ ಆ ಪಂದ್ಯದಲ್ಲಿ ಅಲಬಾಮಾ ಕ್ರಮಿಸಿದ್ದು 406 ಯಾರ್ಡ್, ಒಕ್ಲಹೋಮಾ 212. ಮೈದಾನದಲ್ಲಿ ಮುಂದೆ ಸಾಗುವ ಆಟದಲ್ಲಿ ಸೋತ ತಂಡವೇ ಹೆಚ್ಚುಕಡಿಮೆ ಎರಡು ಪಟ್ಟು ಸಾಗಿತ್ತು. ಸೋತದ್ದು ಮೂರು ಸಲ ಚೆಂಡು ಕಳೆದುಕೊಂಡದ್ದರಿಂದ. ಒಂದು ಎಸೆತವನ್ನು ಕಸಿದ ಎಲೈ ಬೋವೆನ್ 87 ಯಾರ್ಡ್ ಓಡಿ ಟಚ್‌ಡೌನ್ ಮಾಡಿದ್ದರು. ಅದು ಅದ್ಭುತವಾದ ಆಟ, ಒಕ್ಲಹೋಮಾದ ಗೆಲುವು ನ್ಯಾಯವಾದದ್ದೇ. ಆದರೆ ಅಂಥ ಓಟ ಪ್ರತಿ ಪಂದ್ಯದಲ್ಲೂ ಬರುವುದಿಲ್ಲ. ಅಂಕಪಟ್ಟಿ ಒಬ್ಬರನ್ನು ವಿಜಯಿ ಎಂದಿತ್ತು, ಉಳಿದ ಅಂಕಿಗಳು ಇವರಿಬ್ಬರೂ ಸಮಬಲರು ಎನ್ನುತ್ತಿದ್ದವು. ತಿಂಗಳ ನಂತರ ಸಮಬಲರಲ್ಲಿ ಇನ್ನೊಬ್ಬರು ಗೆದ್ದರೆ ಅದರಲ್ಲಿ ಅಚ್ಚರಿಯೇನಿದೆ?

ಅದೇ ಡಿಸೆಂಬರ್‌ನ ಕಾನ್ಫರೆನ್ಸ್ ಪ್ರಶಸ್ತಿ ಪಂದ್ಯಗಳಲ್ಲೂ ಇದೇ ಮಾದರಿ ಕಾಣುತ್ತದೆ. ಟೆಕ್ಸಸ್ ಟೆಕ್ ತಂಡ ಬ್ರಿಗಮ್ ಯಂಗ್ ತಂಡವನ್ನು ನವೆಂಬರ್‌ನಲ್ಲಿ 29-7, ಡಿಸೆಂಬರ್‌ನಲ್ಲಿ 34-7ರಿಂದ ಸೋಲಿಸಿತು. ಸೆಪ್ಟೆಂಬರ್‌ನಲ್ಲಿ ಜಾರ್ಜಿಯಾ ವಿರುದ್ಧ 24-21ರಿಂದ ಗೆದ್ದಿದ್ದ ಅಲಬಾಮಾ ಡಿಸೆಂಬರ್‌ನಲ್ಲಿ 28-7ರಿಂದ ಸೋತಿತು. ಹಿಂದಿನ ವರ್ಷ ಆರೆಗಾನ್ ಒಹಾಯೊ ಸ್ಟೇಟ್ ಮೇಲೆ ಒಂದೇ ಒಂದು ಅಂಕದಿಂದ, 32-31ರಿಂದ, ಗೆದ್ದಿತ್ತು. 2025ರ ಜನವರಿ 1ರಂದು ಪ್ಲೇಆಫ್‌ನ ರೋಸ್ ಬೌಲ್‌ನಲ್ಲಿ ಒಹಾಯೊ ಸ್ಟೇಟ್ ಎರಡನೇ ಕ್ವಾರ್ಟರ್‌ನಲ್ಲೇ 34-0 ಮುಂದಿತ್ತು, ಕೊನೆಗೆ 41-21ರಿಂದ ಗೆದ್ದಿತು. ದೊಡ್ಡ ಅಂತರದ ಗೆಲುವು ಬಹುಮಟ್ಟಿಗೆ ಮರುಕಳಿಸುತ್ತದೆ, ಕೂದಲೆಳೆಯ ಗೆಲುವು ಅಲುಗಾಡುತ್ತದೆ.

ಇದಕ್ಕೆ ಅಪವಾದಗಳಿವೆ. 2025ರಲ್ಲೇ ವರ್ಜೀನಿಯಾ ಮೊದಲು ಡ್ಯೂಕ್ ವಿರುದ್ಧ 34-17ರಿಂದ ಸಲೀಸಾಗಿ ಗೆದ್ದು, ಪ್ರಶಸ್ತಿ ಪಂದ್ಯದಲ್ಲಿ ಹೆಚ್ಚುವರಿ ಅವಧಿಯಲ್ಲಿ 27-20ರಿಂದ ಸೋತಿತು. ಇನ್ನೊಂದು ದಿಕ್ಕಿನಲ್ಲಿ, 2023ರಲ್ಲಿ ವಾಷಿಂಗ್ಟನ್ ತಂಡ ಆರೆಗಾನ್ ಮೇಲೆ ಅಕ್ಟೋಬರ್‌ನಲ್ಲಿ 36-33, ಡಿಸೆಂಬರ್‌ನಲ್ಲಿ 34-31ರಿಂದ, ಎರಡು ಸಲವೂ ಮೂರೇ ಅಂಕದಿಂದ ಗೆದ್ದಿತು. 2022ರಲ್ಲಿ ಯೂಟಾ ಯುಎಸ್‌ಸಿಯನ್ನು ಮೊದಲು 43-42ರಿಂದ ಸೋಲಿಸಿ, ಎರಡನೇ ಸಲ 47-24ರಿಂದ ಮಣ್ಣುಮುಕ್ಕಿಸಿತು. ಆ ಎರಡನೇ ಪಂದ್ಯದಲ್ಲಿ ಚೆಂಡು ಎಸೆದು ದಾಳಿ ನಡೆಸುವ ಯುಎಸ್‌ಸಿಯ ಕ್ವಾರ್ಟರ್‌ಬ್ಯಾಕ್ ಕೇಲೆಬ್ ವಿಲಿಯಮ್ಸ್ ತೊಡೆಯ ಸ್ನಾಯು ನೋವಿನಲ್ಲೇ ಕುಂಟುತ್ತ ಆಡಿದ್ದರು. ಹೀಗೆ ಒಂದೊಂದನ್ನೂ ಬಿಡಿಸಿ ನೋಡಿದರೆ ಒಂದೊಂದು ಕಾರಣ ಸಿಗುತ್ತದೆ. ‘ಎರಡನೇ ಸಲ ಕಷ್ಟ’ ಎನ್ನುವ ಒಂದೇ ನಿಯಮಕ್ಕೆ ಇವೆಲ್ಲ ಒಗ್ಗುವುದಿಲ್ಲ.

ಈ ಮಾತಿನ ಬುಡದಲ್ಲಿ ಒಂದು ಲೆಕ್ಕದ ಗೊಂದಲವೂ ಇದೆ. ಒಂದು ತಂಡಕ್ಕೆ ಗೆಲ್ಲುವ ಸಾಧ್ಯತೆ ನೂರಕ್ಕೆ 60 ಇದೆ ಎಂದುಕೊಳ್ಳಿ. ಎರಡೂ ಪಂದ್ಯಗಳನ್ನು ಅದೇ ಗೆಲ್ಲುವ ಸಾಧ್ಯತೆ 36 ಮಾತ್ರ. ಋತು ಶುರುವಾಗುವ ಮೊದಲು ಕೇಳಿದರೆ, ಎರಡೂ ಗೆಲ್ಲುವುದು ಕಷ್ಟವೆಂಬುದು ನಿಜ. ಆದರೆ ಡಿಸೆಂಬರ್‌ನಲ್ಲಿ ಮೊದಲ ಪಂದ್ಯ ಮುಗಿದುಹೋಗಿದೆ, ಗೆಲುವು ಕಿಸೆಯಲ್ಲಿದೆ. ಉಳಿದಿರುವುದು ಒಂದು ಪಂದ್ಯ, ಅದರಲ್ಲಿ ಸಾಧ್ಯತೆ ಮತ್ತೆ 60. ಆಗಸ್ಟ್‌ನ ಪ್ರಶ್ನೆಗೆ ಸರಿಯಾದ ಉತ್ತರವನ್ನು ಡಿಸೆಂಬರ್‌ನ ಪ್ರಶ್ನೆಗೆ ಕೊಡುತ್ತಿದ್ದೇವೆ.

ಅದಕ್ಕಿಂತ ಮುಖ್ಯವಾದದ್ದು ಎರಡನೇ ಪಂದ್ಯ ಯಾರಿಗೆ ಸಿಗುತ್ತದೆ ಎಂಬುದು. ಸೆಪ್ಟೆಂಬರ್‌ನಲ್ಲಿ ಸೋತು, ಆಮೇಲೂ ಸೋಲುತ್ತಲೇ ಹೋದ ತಂಡ ಡಿಸೆಂಬರ್‌ನಲ್ಲಿ ಮತ್ತೆ ಎದುರಾಗುವುದಿಲ್ಲ, ಅದರ ಹುಡುಗರು ಮನೆಗೆ ಹೋಗಿರುತ್ತಾರೆ. ಒಂದು ಸೋಲಿನಿಂದ ಎದ್ದು, ಉಳಿದವರನ್ನೆಲ್ಲ ಸೋಲಿಸಿ, ಪಟ್ಟಿಯ ತುದಿಗೆ ಮರಳಿದ ತಂಡವೇ ಮತ್ತೆ ಎದುರು ನಿಲ್ಲುವುದು. ಅಂದರೆ ಈ ಆಯ್ಕೆಯ ಜರಡಿಯಲ್ಲಿ ದುರ್ಬಲರು ಮೊದಲೇ ಉದುರಿಹೋಗಿರುತ್ತಾರೆ. ಬಿಗ್ 12 ಕಾನ್ಫರೆನ್ಸ್ ಇದಕ್ಕೆ ಒಳ್ಳೆಯ ಸಾಕ್ಷಿ. 2017ರಿಂದ 2022ರವರೆಗೆ ಅಲ್ಲಿ ಹತ್ತು ತಂಡಗಳು ಒಂದರ ವಿರುದ್ಧ ಒಂದು ಆಡಿ, ಮೊದಲ ಎರಡು ಮತ್ತೆ ಪ್ರಶಸ್ತಿಗೆ ಆಡುತ್ತಿದ್ದವು. ಆರೂ ವರ್ಷ ಅದೇ ಜೋಡಿಯ ಎರಡನೇ ಪಂದ್ಯ. ಎರಡು ಸಲ ಮೊದಲ ವಿಜೇತರೇ ಗೆದ್ದರು, ನಾಲ್ಕು ಸಲ ಸೋತರು. ಈ ಲೆಕ್ಕ ಆ ಮಾತಿನ ಪರವಾಗಿದೆ ಎಂದು ಯಾರಾದರೂ ಹೇಳಬಹುದು. ಆದರೆ ಆ ನಾಲ್ಕರ ಮೊದಲ ಪಂದ್ಯಗಳನ್ನು ನೋಡಿ. 2018ರಲ್ಲಿ ಟೆಕ್ಸಸ್ ಒಕ್ಲಹೋಮಾ ಮೇಲೆ 48-45, 2020ರಲ್ಲಿ ಐಯೋವಾ ಸ್ಟೇಟ್ ಒಕ್ಲಹೋಮಾ ಮೇಲೆ 37-30, 2021ರಲ್ಲಿ ಒಕ್ಲಹೋಮಾ ಸ್ಟೇಟ್ ಬೇಲರ್ ಮೇಲೆ 24-14, 2022ರಲ್ಲಿ ಟಿಸಿಯು ಕ್ಯಾನ್ಸಸ್ ಸ್ಟೇಟ್ ಮೇಲೆ 38-28. ಒಂದರಲ್ಲೂ ಅಂತರ ಹತ್ತು ಅಂಕ ದಾಟಿಲ್ಲ. 2021ರ ಎರಡನೇ ಪಂದ್ಯವಂತೂ ತೀರ್ಮಾನವಾದದ್ದು ಅಂಗುಲಗಳಲ್ಲಿ. ಕೊನೆಯ ಕ್ಷಣದಲ್ಲಿ ಒಕ್ಲಹೋಮಾ ಸ್ಟೇಟ್‌ನ ಓಟಗಾರ ಗೋಲ್ ಗೆರೆಯ ಅಂಚಿನಲ್ಲಿ ಬಿದ್ದು, ಬೇಲರ್ 21-16ರಿಂದ ಉಳಿದುಕೊಂಡಿತು. ಅಷ್ಟು ಚಿಕ್ಕ ಅಂತರದಿಂದ ದೊಡ್ಡ ನಿಯಮ ಕಟ್ಟಬಾರದು.

ಹಾಗಾದರೆ ಈ ಮಾತಿನಲ್ಲಿ ಸತ್ಯವೇ ಇಲ್ಲವೇ? ಒಂದಂಶ ಇದೆ. ಸೋತವರು ಬದಲಾಗಲೇಬೇಕು, ಗೆದ್ದವರು ಬದಲಾಗಲು ಹಿಂಜರಿಯುತ್ತಾರೆ. 1996ರ ನವೆಂಬರ್ 30ರಂದು ಫ್ಲೋರಿಡಾ ಸ್ಟೇಟ್ 24-21ರಿಂದ ಫ್ಲೋರಿಡಾವನ್ನು ಸೋಲಿಸಿತು. ಆ ದಿನ ಫ್ಲೋರಿಡಾದ ಕ್ವಾರ್ಟರ್‌ಬ್ಯಾಕ್ ಡ್ಯಾನಿ ವೊರ್ಫಲ್ ಮತ್ತೆ ಮತ್ತೆ ನೆಲಕ್ಕುರುಳಿದ್ದರು. ಐದು ವಾರಗಳೊಳಗೆ ಶುಗರ್ ಬೌಲ್‌ನಲ್ಲಿ ಅವೇ ತಂಡಗಳು ಮತ್ತೆ ಎದುರಾದವು. ಕೋಚ್ ಸ್ಟೀವ್ ಸ್ಪರಿಯರ್ ವೊರ್ಫಲ್‌ರನ್ನು ಗೆರೆಯಿಂದ ಕೆಲವು ಹೆಜ್ಜೆ ಹಿಂದೆ ನಿಲ್ಲಿಸುವ ಶಾಟ್‌ಗನ್ ವ್ಯೂಹಕ್ಕೆ ಬದಲಿಸಿದರು. ಚೆಂಡು ಕೈಗೆ ಬಂದ ಮೇಲೆ ಅತ್ತಿತ್ತ ನೋಡಲು ಒಂದು ಕ್ಷಣ ಹೆಚ್ಚು ಸಿಕ್ಕಿತು, ಅಷ್ಟು ಸಾಕಾಯಿತು. ಫ್ಲೋರಿಡಾ 52-20ರಿಂದ ಗೆದ್ದು ಮೊದಲ ಬಾರಿಗೆ ರಾಷ್ಟ್ರೀಯ ಚಾಂಪಿಯನ್ ಆಯಿತು. ಇದನ್ನು ‘ಎರಡನೇ ಸಲ ಕಷ್ಟ’ ಎಂಬ ಗಾದೆಯ ಲೆಕ್ಕಕ್ಕೆ ಬರೆದರೆ ಸ್ಪರಿಯರ್ ಮಾಡಿದ ಕೆಲಸ ಮರೆಯಾಗುತ್ತದೆ. ಅಲ್ಲಿ ಗೆದ್ದದ್ದು ಒಬ್ಬ ಕೋಚ್‌ನ ಯೋಚನೆ.

2011ರ ಎಲ್‌ಎಸ್‌ಯು ಮತ್ತು ಅಲಬಾಮಾ ಕಥೆಯನ್ನು ಹೇಳದೆ ಈ ಚರ್ಚೆ ಮುಗಿಯದು. ನವೆಂಬರ್ 5ರಂದು ಅಲಬಾಮಾದ ಟಸ್ಕಲೂಸಾದಲ್ಲಿ ಎಲ್‌ಎಸ್‌ಯು 9-6ರಿಂದ ಹೆಚ್ಚುವರಿ ಅವಧಿಯಲ್ಲಿ ಗೆದ್ದಿತು. ಎರಡೂ ಕಡೆ ಒಂದು ಟಚ್‌ಡೌನ್ ಕೂಡ ಇಲ್ಲ. ಚೆಂಡನ್ನು ಒದ್ದು ಕಂಬಗಳ ನಡುವೆ ಕಳಿಸುವ ಅಲಬಾಮಾದ ಆರು ಫೀಲ್ಡ್ ಗೋಲ್ ಯತ್ನಗಳಲ್ಲಿ ನಾಲ್ಕು ವಿಫಲವಾದವು. ನಿಗದಿತ ಅವಧಿಯಲ್ಲಿ ವಿಫಲವಾದವುಗಳಲ್ಲಿ ಒಂದೇ ಒಂದು ಕಂಬಗಳ ನಡುವೆ ಹೋಗಿದ್ದರೆ ಪಂದ್ಯ ಹೆಚ್ಚುವರಿ ಅವಧಿಗೆ ಹೋಗುತ್ತಲೇ ಇರಲಿಲ್ಲ. 2012ರ ಜನವರಿ 9ರಂದು ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್‌ನಲ್ಲಿ, ಎಲ್‌ಎಸ್‌ಯುವಿನ ಸ್ವಂತ ರಾಜ್ಯದಲ್ಲೇ, ರಾಷ್ಟ್ರೀಯ ಪ್ರಶಸ್ತಿಗಾಗಿ ಮತ್ತೆ ಭೇಟಿ. ಈ ಸಲ ಅಲಬಾಮಾದ ಜೆರೆಮಿ ಶೆಲ್ಲಿ ಐದು ಫೀಲ್ಡ್ ಗೋಲ್ ಹೊಡೆದರು, ಕೋಚ್ ನಿಕ್ ಸೇಬನ್ ತಮ್ಮ ಕ್ವಾರ್ಟರ್‌ಬ್ಯಾಕ್ ಎ.ಜೆ. ಮೆಕ್ಯಾರನ್ ಕೈಯಲ್ಲಿ ಧೈರ್ಯವಾಗಿ ಚೆಂಡು ಎಸೆಸಿದರು. ಎಲ್‌ಎಸ್‌ಯು ಇಡೀ ಪಂದ್ಯದಲ್ಲಿ ಮೈದಾನದ ನಡುಗೆರೆ ದಾಟಿದ್ದು ಒಂದೇ ಸಲ. ಗಳಿಸಿದ್ದು 92 ಯಾರ್ಡ್. ಫಲಿತಾಂಶ 21-0. ಅಲ್ಲಿಯವರೆಗೆ ಆಡಿದ 13 ಪಂದ್ಯಗಳನ್ನೂ ಗೆದ್ದಿದ್ದ ತಂಡ ಒಂದು ರಾತ್ರಿಯಲ್ಲಿ ಎಲ್ಲವನ್ನೂ ಕಳೆದುಕೊಂಡಿತು. ಆ ಹುಡುಗರ ಬಗ್ಗೆ ನಮಗೆ ಮರುಕವಿದೆ. ಆದರೂ ಹೇಳಲೇಬೇಕಾದದ್ದು ಇದು: ನವೆಂಬರ್‌ನಲ್ಲಿ ಅವರು ಸಾಬೀತು ಮಾಡಿದ್ದು ತಾವು ಅಲಬಾಮಾಕ್ಕೆ ಸಮ ಎಂಬುದನ್ನು, ಮೇಲು ಎಂಬುದನ್ನಲ್ಲ.

ಆಟಗಾರರ ಪಟ್ಟಿಯೂ ಅಷ್ಟೇ ಮುಖ್ಯ. 2020ರ ನವೆಂಬರ್‌ನಲ್ಲಿ ನೋಟರ್‌ಡೇಮ್ ಕ್ಲೆಮ್ಸನ್‌ ವಿರುದ್ಧ 47-40ರಿಂದ, ಎರಡು ಹೆಚ್ಚುವರಿ ಅವಧಿಗಳ ನಂತರ ಗೆದ್ದಾಗ ಕ್ಲೆಮ್ಸನ್‌ನ ಕ್ವಾರ್ಟರ್‌ಬ್ಯಾಕ್ ಟ್ರೆವರ್ ಲಾರೆನ್ಸ್ ಕೋವಿಡ್‌ನಿಂದಾಗಿ ಆಡಿರಲಿಲ್ಲ. ಡಿಸೆಂಬರ್‌ನಲ್ಲಿ ಅವರು ಮರಳಿದರು, ಕ್ಲೆಮ್ಸನ್ 34-10ರಿಂದ ಗೆದ್ದಿತು. 2021ರಲ್ಲಿ ಅಲಬಾಮಾ ಜಾರ್ಜಿಯಾವನ್ನು 41-24ರಿಂದ ಸೋಲಿಸಿದ ದಿನವೇ ಅಲಬಾಮಾದ ಎಸೆತ ಹಿಡಿಯುವ ಮುಖ್ಯ ರಿಸೀವರ್‌ಗಳಲ್ಲಿ ಒಬ್ಬರಾದ ಜಾನ್ ಮೆಚಿ ಮಂಡಿಗೆ ಪೆಟ್ಟು ಮಾಡಿಕೊಂಡರು. ಅವೇ ತಂಡಗಳ ಜನವರಿಯ ಫೈನಲ್‌ನಲ್ಲಿ ಇನ್ನೊಬ್ಬ, ಜೇಮ್‌ಸನ್ ವಿಲಿಯಮ್ಸ್, ಎರಡನೇ ಕ್ವಾರ್ಟರ್‌ನಲ್ಲೇ ಗಾಯಗೊಂಡು ಹೊರನಡೆದರು. ಮೊದಲ ಪಂದ್ಯದಲ್ಲಿ ಅಲಬಾಮಾದ ಕ್ವಾರ್ಟರ್‌ಬ್ಯಾಕ್ ಬ್ರೈಸ್ ಯಂಗ್‌ರನ್ನು ಒಮ್ಮೆಯೂ ಚೆಂಡಿನೊಂದಿಗೆ ಕೆಡವಲಾಗದ ಜಾರ್ಜಿಯಾ ಎರಡನೆಯದರಲ್ಲಿ ನಾಲ್ಕು ಸಲ ಕೆಡವಿತು, 33-18ರಿಂದ ಗೆದ್ದು 1980ರ ನಂತರ ಮೊದಲ ಬಾರಿಗೆ ಚಾಂಪಿಯನ್ ಆಯಿತು. ಗಾಯ ಒಂದು ಪಾಲು, ಜಾರ್ಜಿಯಾದ ರಕ್ಷಣಾ ಪಡೆಯ ಸಿದ್ಧತೆ ಇನ್ನೊಂದು ಪಾಲು. ಆದರೆ ಕ್ವಾರ್ಟರ್‌ಬ್ಯಾಕ್ ಹೊರಬಿದ್ದರೂ ಗೆದ್ದ ನಿದರ್ಶನವೂ ಇದೆ. 2024ರಲ್ಲಿ ಅದೇ ಜಾರ್ಜಿಯಾ ಟೆಕ್ಸಸ್ ತಂಡವನ್ನು ಆಸ್ಟಿನ್‌ನಲ್ಲಿ 30-15ರಿಂದ ಸೋಲಿಸಿತ್ತು. ಡಿಸೆಂಬರ್‌ನಲ್ಲಿ ಅಟ್ಲಾಂಟಾದಲ್ಲಿ ಕಾರ್ಸನ್ ಬೆಕ್ ಗಾಯಗೊಂಡಾಗ ಬದಲಿ ಆಟಗಾರ ಗನ್ನರ್ ಸ್ಟಾಕ್ಟನ್ ಇಳಿದು, ಹೆಚ್ಚುವರಿ ಅವಧಿಯಲ್ಲಿ ತಂಡವನ್ನು 22-19ರ ಗೆಲುವಿಗೆ ಮುಟ್ಟಿಸಿದರು.

ಕ್ರಿಕೆಟ್ ನೋಡುವ ನಮ್ಮ ಓದುಗರಿಗೆ ಇದು ಹೊಸದೇನಲ್ಲ. 2023ರ ವಿಶ್ವಕಪ್‌ನಲ್ಲಿ ಭಾರತ ಅಕ್ಟೋಬರ್ 8ರಂದು ಚೆನ್ನೈಯಲ್ಲಿ ಆಸ್ಟ್ರೇಲಿಯಾವನ್ನು ಆರು ವಿಕೆಟ್‌ಗಳಿಂದ ಸೋಲಿಸಿತ್ತು, ನಮ್ಮ ಕೆ.ಎಲ್. ರಾಹುಲ್ ಅಜೇಯ 97 ಹೊಡೆದಿದ್ದರು. ನವೆಂಬರ್ 19ರಂದು ಅಹಮದಾಬಾದ್‌ನಲ್ಲಿ ಆಸ್ಟ್ರೇಲಿಯಾ ಅಷ್ಟೇ ಆರು ವಿಕೆಟ್‌ಗಳಿಂದ ಗೆದ್ದಿತು. ಆ ಸಂಕಟದಲ್ಲಿ ಇಲ್ಲೂ ಇದೇ ಮಾತು ಕೇಳಿಬಂತು. ಆದರೆ 2025ರ ಐಪಿಎಲ್‌ನಲ್ಲಿ ಆರ್‌ಸಿಬಿ ಪಂಜಾಬ್ ಕಿಂಗ್ಸ್ ತಂಡವನ್ನು ಮೊದಲ ಕ್ವಾಲಿಫೈಯರ್‌ನಲ್ಲಿ 101ಕ್ಕೆ ಉರುಳಿಸಿ ಎಂಟು ವಿಕೆಟ್‌ಗಳಿಂದ ಗೆದ್ದು, ದಿನಗಳೊಳಗೆ ಫೈನಲ್‌ನಲ್ಲಿ ಆರು ರನ್‌ಗಳಿಂದ ಮತ್ತೆ ಗೆದ್ದಾಗ ಈ ಮಾತು ಯಾರಿಗೂ ನೆನಪಾಗಲಿಲ್ಲ. ಫಲಿತಾಂಶ ತಿರುಗಿದ್ದು ಕಥೆಯಾಗಿ ಉಳಿಯುತ್ತದೆ, ಮರುಕಳಿಸಿದ್ದು ದಾಖಲೆಯ ಸಾಲಾಗಿ ಹಿಂದೆ ಸರಿಯುತ್ತದೆ. ನಂಬಿಕೆ ಬೆಳೆಯುವುದು ಹೀಗೆ.

ಈ ನಂಬಿಕೆಯಿಂದ ನಷ್ಟವೂ ಆಗಿದೆ ಎಂಬುದಕ್ಕಾಗಿಯೇ ಇಷ್ಟು ಬರೆಯುತ್ತಿದ್ದೇವೆ. ಯೂಟಾ ತಂಡ 2021ರಲ್ಲಿ ಆರೆಗಾನ್ ವಿರುದ್ಧ ನವೆಂಬರ್ 20ರಂದು 38-7, ಡಿಸೆಂಬರ್ 3ರಂದು 38-10ರಿಂದ ಗೆದ್ದಿತು. ಎರಡು ವಾರ ತುಂಬುವ ಮೊದಲು, ಒಂದು ಪಂದ್ಯ ತವರಿನಲ್ಲಿ, ಇನ್ನೊಂದು ಲಾಸ್ ವೇಗಸ್‌ನಲ್ಲಿ, ಒಂದೇ ತೂಕದ ಎರಡು ಗೆಲುವು. ಅದನ್ನು ನಿಯಮ ಮುರಿದ ಪವಾಡವೆಂದು ಕಂಡರೆ ಅದರ ಬೆಲೆ ತಿಳಿಯುವುದಿಲ್ಲ. ಅವರು ಆ ವರ್ಷ ಆರೆಗಾನ್‌ಗಿಂತ ಎಲ್ಲ ಬಗೆಯಲ್ಲೂ ಮೇಲಿದ್ದರು, ಅಷ್ಟೇ. ಹಾಗೆಯೇ ಸೋತು ತಿದ್ದಿಕೊಂಡ ತಂಡಕ್ಕೆ ಸಲ್ಲಬೇಕಾದ ಮೆಚ್ಚುಗೆಯನ್ನೂ ಈ ಗಾದೆ ಕಸಿಯುತ್ತದೆ. ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿಗಳು ವಾರಗಟ್ಟಲೆ ಹಳೆಯ ಪಂದ್ಯದ ವಿಡಿಯೊ ಮುಂದೆ ಕುಳಿತು ತಮ್ಮ ತಪ್ಪು ಹುಡುಕಿಕೊಂಡದ್ದು ವಿಧಿಯ ಆಟವಾಗಿ ಬಿಡುತ್ತದೆ.

ಆದ್ದರಿಂದ ವರದಿಗಾರರಿಗೂ ವಿವರಣೆಗಾರರಿಗೂ ನಮ್ಮದೊಂದು ಕೋರಿಕೆ. ಮುಂದಿನ ಡಿಸೆಂಬರ್‌ನಲ್ಲಿ ಎರಡು ತಂಡಗಳು ಮತ್ತೆ ಎದುರಾದಾಗ ಈ ಸಿದ್ಧ ಮಾತನ್ನು ಪಕ್ಕಕ್ಕಿಡಿ. ಮೊದಲ ಪಂದ್ಯದ ಅಂತರ ಎಷ್ಟಿತ್ತು, ಯಾರ ಮೈದಾನದಲ್ಲಿ ನಡೆಯಿತು, ಚೆಂಡು ಎಷ್ಟು ಸಲ ಕೈತಪ್ಪಿತು, ಅಂದು ಯಾರು ಆಡಿರಲಿಲ್ಲ, ಇಂದು ಯಾರು ಆಡುವುದಿಲ್ಲ ಎಂಬುದನ್ನು ಜನರಿಗೆ ಹೇಳಿ. ಮೊದಲ ಸಲ ಸ್ಪಷ್ಟವಾಗಿ ಗೆದ್ದ ತಂಡ ಎರಡನೇ ಸಲವೂ ಗೆಲ್ಲುವ ನೆಚ್ಚಿನ ತಂಡವೇ. ಮೂರು ಅಂಕಗಳಿಂದ ಗೆದ್ದ ತಂಡಕ್ಕೆ ಆ ಹಕ್ಕು ಇನ್ನೂ ಸಿಕ್ಕಿಲ್ಲ.